ಸರಕಾರದ ಲಕೋಟೆ

ಐವತ್ತು ತುಂಬಿದ ತಿಂಗಳೇ ಬಂತು
ಸರಕಾರದ ಉಡುಗೊರೆ:
ಎರಡು ಪುಟ್ಟ ಕೊಳವೆ, ಕಡ್ಡಿ, ಒಂದು ಹಾಳೆ.
ಅರ್ಧ ಓದಿ ಇವರು
ಡ್ರಾಯರಿಗೆ ತಳ್ಳಿದರು, ಹಳೆಯ ಬೀಗದಕೈಗಳ ಜೊತೆ.

ಬೆಂಡಿಗೊದ ಬೇಸಿಗೆ ಎರಡು ಸಲ ಉರಿದುಹೋಯಿತು.

ಮತ್ತೊಂದು ಬಂತು.
“ಮಾದರಿಯನ್ನು ಫ್ರಿಜ್ಜಿನಲ್ಲಿಡಿ,”
ನಾನೇ ಗಟ್ಟಿಯಾಗಿ ಓದಿದೆ.
“ಫ್ರಿಜ್ಜಿನಲ್ಲೇ? ಮೊಸರಿನ ಪಕ್ಕ?”
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ
ಮಡಿ ಎನ್ನದ ಮನುಷ್ಯನ ಮೈಮೇಲೆ
ಅಂದು ಅಜ್ಜಿ ಬಂದರು.

ನಾನು ಜಗಳಕ್ಕೆ ನಿಲ್ಲಲಿಲ್ಲ.
“ಪದ್ದಣ್ಣ,” ಎಂದೆ. ಅಷ್ಟೇ.

ಪದ್ದಣ್ಣ ಇವರ ಅಣ್ಣ.
ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡು
ಎರಡು ವರ್ಷ ಸುವರ್ಣಗಡ್ಡೆ ತಿಂದ,
ಪಲ್ಯ, ಹುಳಿ, ಬಜ್ಜಿ,
ರಾತ್ರಿ ಮಜ್ಜಿಗೆಯಲ್ಲಿ ಕಲಸಿದ ಇಸಬಗೋಲು.
ಡಾಕ್ಟರಿಗೆ ತೋರಿಸಲು ನಾಚಿಕೆ.
ಅದು ಮೂಲವ್ಯಾಧಿ ಆಗಿರಲಿಲ್ಲ.

ಮೊಸರನ್ನು ಪಕ್ಕದ ಮನೆ ಡೋರೀನಳ
ಫ್ರಿಜ್ಜಿಗೆ ಸಾಗಿಸಿದೆ,
ದೋಸೆ ಹಿಟ್ಟನ್ನೂ, ಕೊತ್ತಂಬರಿಯನ್ನೂ.
ಏಕೆಂದು ಕೇಳಿದಳು. ಹೇಳಿದೆ.
ಬೇಲಿ ಹಿಡಿದುಕೊಂಡು ನಕ್ಕಳು,
ಕಣ್ಣೊರೆಸಿಕೊಂಡು ಸುಮ್ಮನಾದಳು.
“ನನ್ನದೂ ಇದೆ,” ಎಂದಳು, “ಬಟ್ಟೆ ಕಪಾಟಿನಲ್ಲಿ, ಕೆಳಗೆ.”

ಮೂರನೇ ದಿನ, ಬಿಸಿಲೇರುವ ಮುಂಚೆ,
ನಾವಿಬ್ಬರೂ ಅಂಚೆಪೆಟ್ಟಿಗೆಯವರೆಗೆ ನಡೆದೆವು.
ಲಕೋಟೆಯ ಮೇಲೆ ಹೆಸರು, ಸಹಿ,
ತಾರೀಖು ಎರಡು ಸಲ ತಿದ್ದಿದ್ದು.
ಕೆಂಪು ಪೆಟ್ಟಿಗೆಯ ಬಾಯಿಗೆ ಒಯ್ದ ಕೈ
ಅರ್ಧಕ್ಕೆ ನಿಂತು, ಹಿಂದೆ ಬಂದು,
ಲಕೋಟೆಯನ್ನು ಒಮ್ಮೆ ಹಣೆಗೆ ಮುಟ್ಟಿಸಿಕೊಂಡಿತು.

ನಾನು ನೋಡಲಿಲ್ಲ ಎಂದೇ
ಇವತ್ತಿಗೂ ಇವರು ತಿಳಿದಿದ್ದಾರೆ.