ಮೂರು ಟಿಕ್ಕು

ಲಂಡನ್ನಿನಿಂದ ಬಂದ ಪಾರ್ಸಲ್ಲನ್ನು
ತಂತಿ ಕತ್ತರಿಸುವ ಇಕ್ಕುಳದಲ್ಲೇ ಬಿಡಿಸಿದೆ.
ಒಳಗೆ ಹೊಚ್ಚಹೊಸ ಹಳೇ ಹಾಡು:
ಏಳಿಂಚಿನ ಕಪ್ಪು ತಟ್ಟೆ, ಅಂಟಿನ ವಾಸನೆ ಹೋಗದ ಲಕೋಟೆ,
ಅದರ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ
ಐತಪ್ಪ ಸೌಂಡ್ಸ್, ಕಂಬಾಲ, ಇಂಡಿಯಾ,
ಇವರಿಗೆ ಕೃತಜ್ಞತೆ.

ಊರ ಹೆಸರು ತಪ್ಪಿದೆ. ಇರಲಿ.
ಕುಂಬಳೆಯೆಂದು ಸರಿಯಾಗಿ ಬರೆದ ಬೋರ್ಡು
ಈ ಬದಿಯಡ್ಕ ರಸ್ತೆಯಲ್ಲೇ ಈಗ ಒಂದೋ ಎರಡೋ.

ಅಂದುಂಞಿಚ್ಚ ಹಡಗಿನ ಇಂಜಿನ್ನಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದರು.
ಎಪ್ಪತ್ತೇಳರಲ್ಲಿ, ಕಿಂಗ್‌ಸ್ಟನ್ ಬಂದರಿನಲ್ಲಿ,
ಸಕ್ಕರೆ ತುಂಬುವವರೆಗೆ ಹನ್ನೊಂದು ದಿನ.
ತಳಂಗರೆಯ ಒಂದು ಟೊಪ್ಪಿ ಕೊಟ್ಟು ಪಡೆದದ್ದಂತೆ ಆ ಮೊದಲಿನ ತಟ್ಟೆ.
"ಜಡೆ ಅಷ್ಟಿತ್ತು ಅವನಿಗೆ, ಟೊಪ್ಪಿ ನೆತ್ತಿಯ ಮೇಲೆ
ಕಾಗೆಯ ಹಾಗೆ ಕೂತಿತು. ತೆಗೆಯಲಿಲ್ಲ ಮಾತ್ರ."

ಹಾಡಿನ ಹೆಸರಿಲ್ಲ, ಹಾಡಿದವನದೂ ಇಲ್ಲ,
ಬಿಳಿ ಕಾಗದದ ಮೇಲೆ ಓರೆಯಾಗಿ ಒತ್ತಿದ ಮೊಹರು,
ಸಿಂಹವಿರಬೇಕು, ನಾಯಿಯೂ ಇರಬಹುದು.
ನಡುವಿನ ತೂತು ರೂಪಾಯಿಗಿಂತ ದೊಡ್ಡದು.
ಅಪ್ಪ ಗೆರಟೆಯ ತುಂಡನ್ನು ಮೂರು ದಿನ ಕಲ್ಲಿಗೆ ಉಜ್ಜಿ
ಅದಕ್ಕೊಂದು ಬಿಲ್ಲೆ ಮಾಡಿದರು.

ಎ ಸೈಡಿನಲ್ಲಿ ಒಬ್ಬ ಹುಡುಗ ಅತ್ತ ಹಾಗೆ ಹಾಡುತ್ತಾನೆ.
ಬಿ ಸೈಡಿನಲ್ಲಿ ಅದೇ ಹಾಡು,
ಹುಡುಗನನ್ನು ಹೊರಗೆ ಕಳಿಸಿದ್ದಾರೆ.
ಬೇಸು ಉಂಟು, ಡ್ರಮ್ಮು ಉಂಟು,
ಬಾಗಿಲಲ್ಲಿ ಇಣುಕಿ ಹೋಗುವ ಗಿಟಾರು,
ಬಾವಿಗೆ ಕೊಡ ಬಿದ್ದ ಹಾಗೆ ಒಂದು ಶಬ್ದ,
ಅದರ ಮಗು, ಮೊಮ್ಮಗು, ಮರಿಮಗು.
ಅಪ್ಪನಿಗೆ ಬೇಕಾದದ್ದು ಅದುವೇ.
ಮದುವೆಗೂ ಉರೂಸಿಗೂ ಓಟಿಗೂ ಇಗರ್ಜಿಯ ಹಬ್ಬಕ್ಕೂ
ಪೆಟ್ಟಿಗೆ ಕಟ್ಟಿದ ಮೇಲೆ ಮೊದಲು ಇಡುತ್ತಿದ್ದದ್ದು ಅದು.
ಮಾತಿಲ್ಲ, ಹಾಗಾಗಿ ತಕರಾರಿಲ್ಲ.
ದೇವರು ಯಾರದು, ಪಕ್ಷ ಯಾವುದು, ಭಾಷೆ ಯಾವುದು,
ಕೇಳಲು ಬಂದವನ ಎದೆಗೂಡು ಅಷ್ಟರಲ್ಲಿ
ನಡುಗಿ ಆಗಿರುತ್ತಿತ್ತು.

ಒಂದು ಕಡೆ ಮಾತ್ರ ಹುಡುಗನ ದನಿಯ ಚೂರು ತೇಲಿ ಬರುತ್ತದೆ:
ವಾ… ವಾ… ವಾ…
ಕರೆಯುತ್ತಿದ್ದಾನೆ, ಮಲಯಾಳದಲ್ಲಿ, ಎಂದರು ಅಂದುಂಞಿಚ್ಚ.
ಬಾ ಅಂತಲೇ ಅದು, ತುಟಿ ಒಡೆದಿರಬೇಕು, ಎಂದರು ಅಪ್ಪ.

ನಾನು ಆರು ವರ್ಷದವಳು.
ಆ 'ವಾ' ಇನ್ನೊಮ್ಮೆ ಬೇಕೆಂದು
ಮುಳ್ಳನ್ನು ಬೆರಳಿನಿಂದಲೇ ಹಿಂದಕ್ಕೆಳೆದೆ.
ಕರ್ರೆಂದಿತು.
ಅಪ್ಪ ಹೊಡೆಯಲಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು
ತುಂಬ ಹೊತ್ತು ನೋಡಿದರು.
ಹೊಡೆದಿದ್ದರೆ ಮರೆಯುತ್ತಿದ್ದೆ.
ಆಮೇಲೆ ಎಲ್ಲ ಮದುವೆಗಳಲ್ಲಿ, 'ವಾ' ಮುಗಿದ ಕೂಡಲೇ,
ಟಿಕ್. ಟಿಕ್. ಟಿಕ್.

ಮೂಲ ಟೇಪು ಬಿರುಗಾಳಿಗೆ, ಮಾಡಿನ ಜೊತೆ ಹಾರಿಹೋಯಿತಂತೆ.
ಬೇರೆ ಪ್ರತಿ ಎಲ್ಲೂ ಸಿಗಲಿಲ್ಲವಂತೆ.
ಗೀರನ್ನು ತೆಗೆಯಬಹುದಿತ್ತು, ಬರೆಯುತ್ತಾನೆ ಲಂಡನ್ನಿನ ಮನುಷ್ಯ,
ಅದರ ಅಡಿಯಲ್ಲೇ ಒಂದು ಸಣ್ಣ ತಾಳವಿದೆ, ಗೆಜ್ಜೆಯಷ್ಟು,
ಅದೂ ಹೋಗುತ್ತಿತ್ತು; ಬಿಟ್ಟೆವು.
ಐನೂರು ಪ್ರತಿ, ಎಲ್ಲ ಖರ್ಚಾಗಿದೆ:
ಒಸಾಕಾ, ಲಿಯೋನ್, ಸಾವೊ ಪೌಲೊ.
ನನ್ನ ಆರನೇ ವರ್ಷದ ತಪ್ಪು, ಐನೂರು ಮನೆಗಳಲ್ಲಿ,
ಮಿನಿಟಿಗೆ ನಲವತ್ತೈದು ಸುತ್ತು.

ಹಾಡಿದವನೂ ಸಿಕ್ಕಿದ್ದಾನೆ. ಬಸ್ಸು ಓಡಿಸಿ ರಿಟೈರಾದವನು.
ಅದು 'ರಿವಾ' ಅಂತೆ, ಅವರ ಬಾಯಿಯಲ್ಲಿ ಹೊಳೆ.
ಕಣ್ಣು ಮುಚ್ಚಿ ಎರಡೂ ಬದಿ ಕೇಳಿ ಒಂದೇ ಪ್ರಶ್ನೆ ಕೇಳಿದನಂತೆ:
ಆ ಮೂರು ಪೆಟ್ಟು ಯಾರದು?
ಅವತ್ತು ನಮ್ಮಲ್ಲಿ ಅಂಥ ಬಡಿತಗಾರ ಇರಲಿಲ್ಲ.

ಸಂಜೆ ಶಟರು ಅರ್ಧ ಎಳೆದು
ಅಪ್ಪನ ಹದಿನೆಂಟಿಂಚಿನ ಪೆಟ್ಟಿಗೆಗೆ ತಂತಿ ಸಿಕ್ಕಿಸಿದೆ.
ಹೊಸ ತಟ್ಟೆಗೂ ತೂತು ಅಷ್ಟೇ; ಗೆರಟೆಯ ಬಿಲ್ಲೆ ಸರಿ ಕೂತಿತು.
ಪಕ್ಕದ ಅಂಗಡಿಯ ಸೋಡಾ ಬಾಟಲಿಗಳಲ್ಲಿ ಗೋಲಿ ನಡುಗಿತು.
ಅಂದುಂಞಿಚ್ಚನ ಕಿವಿ ಹೋಗಿ ಎಷ್ಟೋ ವರ್ಷ.
ಮೊಮ್ಮಗನ ಹೆಗಲು ಹಿಡಿದು ಬಂದು
ಅಂಗೈಯನ್ನು ಪೆಟ್ಟಿಗೆಯ ಬಟ್ಟೆಗೆ ಒತ್ತಿ ನಿಂತರು.
ವಾ…
ಟಿಕ್ಕಿಗೆ ಮೊದಲೇ
ನನ್ನ ಬೆರಳು ಮಡಚಿಕೊಂಡಿತು.