ಮೊದಲು ಎಂಜಿನ್, ಆಮೇಲೆ ನೀರು

ಎಂಟೂವರೆ ಸಾವಿರ ಕೊಟ್ಟು ತಂದದ್ದು.
ಕಲಾಸಿಪಾಳ್ಯದ ಗುಜರಿಯಲ್ಲಿ, ಫ್ರಿಜ್ಜಿನ ಬಾಗಿಲುಗಳಡಿ,
ಹಳದಿ ಮೂತಿಯಷ್ಟೇ ಕಾಣುತ್ತಿತ್ತು.
"ಜೆಟ್ ಸ್ಕೀ ಮೇಡಂ, ನೀರಿನ ಬೈಕು," ಅಂದ ಝಬೀವುಲ್ಲಾ,
"ಯಾವುದೋ ರೆಸಾರ್ಟಿನದು. ಕೆರೆ ಬತ್ತಿತು, ಇದು ಇಲ್ಲಿಗೆ ಬಂತು."
ಅಷ್ಟೇ ಅದರ ಜಾತಕ.

ಲಗೇಜ್ ಆಟೋದ ಮೇಲೆ ಹಗ್ಗ ಬಿಗಿದು
ವಿಲ್ಸನ್ ಗಾರ್ಡನ್ನಿನ ನಮ್ಮ ಓಣಿಗೆ ತರುವಾಗ
ಸಿಗ್ನಲ್ಲಿನಲ್ಲಿ ಒಬ್ಬ ಕೇಳಿದ: ಮೀನಾ ಅದು?
ಹೌದು ಅಂದೆ. ಸತ್ತಿದೆಯಾ ಅಂದ.
ನೋಡಬೇಕು ಅಂದೆ.

ಸೀಟು ಎತ್ತಿದರೆ ಇರುವೆಗಳ ಸಂಸಾರ.
ಏರ್‌ಬಾಕ್ಸಿನೊಳಗೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು.
ಕಾರ್ಬುರೇಟರಿನ ಬಟ್ಟಲಲ್ಲಿ ಹಳೇ ಪೆಟ್ರೋಲು
ಬೆಲ್ಲದ ಪಾಕವಾಗಿ ಅಂಟಿ, ಹುಳಿ ನಾತ.
ಪ್ಲಗ್ಗು ಬಿಚ್ಚಿ ಟಾರ್ಚು ಬಿಟ್ಟು ನೋಡಿದೆ:
ಎರಡು ಪಿಸ್ಟನ್ನು, ಎರಡೂ ತುಕ್ಕುಗೆಂಪು,
ದಾಯಾದಿಗಳು ಗಡಿಕಲ್ಲಿಗೆ ಜೋತ ಹಾಗೆ
ಹಿಡಿದ ಜಾಗ ಬಿಡುತ್ತಿಲ್ಲ.

ಅಂತಪ್ಪನವರನ್ನು ಕರೆದೆ.
ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತು ನಡೆಸಿ
ಎರಡೂ ಕಿವಿಯನ್ನು ಅಲ್ಲೇ ಬಿಟ್ಟು ಬಂದವರು.
ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಎಂಜಿನ್ನಿಗೆ ಆನಿಸಿ ಕೇಳುತ್ತಾರೆ.
ಕೇಳಲು ಏನೂ ಇರಲಿಲ್ಲ.
"ಸುತ್ತಿಗೆ ಮುಟ್ಟಬೇಡ," ಅಂದರು. "ಕುಡಿಸು."

ಥಿನ್ನರಿಗೆ ಸ್ಟೀರಿಂಗ್ ಆಯಿಲ್ ಬೆರೆಸಿ
ಇಂಕ್ ಫಿಲ್ಲರಿನಲ್ಲಿ ಎರಡು ಬಾಯಿಗೂ ಬಿಟ್ಟೆ,
ಬೆಳಿಗ್ಗೆ ಒಮ್ಮೆ, ಷಟರ್ ಎಳೆಯುವಾಗ ಒಮ್ಮೆ.
ನಾಲ್ಕನೇ ದಿನ ಸ್ಪ್ಯಾನರು ಹಾಕಿ ಎಳೆದೆ. ಇಲ್ಲ.
ಏಳನೇ ದಿನ ಬೈದೆ.
ಹನ್ನೊಂದನೇ ದಿನ, ಒಂದು ಕೈಯಲ್ಲಿ ಟೀ ಲೋಟ,
ಸುಮ್ಮನೆ, ಅಭ್ಯಾಸಬಲಕ್ಕೆ ಒತ್ತಿದರೆ
ಕೂದಲೆಳೆಯಷ್ಟು ಸರಿಯಿತು.
ಟೀ ಆರಿಹೋಗುವವರೆಗೂ ಹಾಗೇ ನಿಂತಿದ್ದೆ.

ಆಮೇಲಿನದು ಬರೀ ಕೂಲಿ: ಹೋನಿಂಗು, ಹೊಸ ರಿಂಗು,
ಜೆಸಿ ರಸ್ತೆಯಲ್ಲೂ ಸಿಗದ ಗ್ಯಾಸ್ಕೆಟ್ಟನ್ನು
ಕಾಗದದ ಮೇಲೆ ಗುರುತು ಉಜ್ಜಿ ಕತ್ತರಿಸಿದ್ದು,
ಕಟ್ಟಿದ ಜೆಟ್ಟಿನ ತೂತಿಗೆ ಕ್ಲಚ್ ವೈರಿನ ಒಂದೇ ಎಳೆ.

ಆದರೆ ಇದಕ್ಕೆ ಕುಡಿಯಲು ನೀರು ಬೇಕು,
ಸ್ಟಾರ್ಟಾದ ಮೇಲೆ, ಅರ್ಧ ನಿಮಿಷದೊಳಗೆ, ಪೈಪಿನಲ್ಲಿ.
ಮೊದಲೇ ಬಿಟ್ಟರೆ ಸಿಲಿಂಡರಿಗೇ ನುಗ್ಗುತ್ತದೆ.
ನಮ್ಮ ಓಣಿಗೆ ಕಾವೇರಿ ಬರುವುದು
ಬುಧವಾರ, ಶನಿವಾರ, ಬೆಳಗಿನ ಜಾವ ನಾಲ್ಕೂವರೆಗೆ.

ಶನಿವಾರ. ನಲ್ಲಿಯ ಮುಂದೆ ಹದಿನಾಲ್ಕು ಬಿಂದಿಗೆ.
"ಎರಡು ನಿಮಿಷ ಪೈಪು ಕೊಡಿ," ಅಂದೆ.
"ಯಾರಿಗೆ?"
"ಇದಕ್ಕೆ."
ಸಿದ್ದಗಂಗಮ್ಮ ನನ್ನನ್ನು ನೋಡಿದರು, ಹಳದಿ ಮೂತಿಯನ್ನು ನೋಡಿದರು,
"ಸಮುದ್ರದ ಗಾಡಿಗೆ ನಲ್ಲಿ ನೀರು," ಅಂತ
ತಮ್ಮ ಬಿಂದಿಗೆಯನ್ನು ಕಾಲಲ್ಲೇ ಪಕ್ಕಕ್ಕೆ ಸರಿಸಿದರು.

ಬಟನ್ ಒತ್ತಿದೆ. ಕೆಮ್ಮಿತು. ಒತ್ತಿದೆ.
ಓಣಿ ತುಂಬಾ ನೀಲಿ ಹೊಗೆ, ನಾಯಿಗಳೆದ್ದವು,
"ನೀರು!" ಅಂತ ಕಿರುಚಿದ್ದು ನನಗೇ ಕೇಳಿಸಲಿಲ್ಲ.
ಕಿವಿಯಿಲ್ಲದ ಅಂತಪ್ಪನವರೇ ನಲ್ಲಿ ತಿರುಗಿಸಿದರು,
ಹಲ್ಲಲ್ಲಿ ಸ್ಕ್ರೂಡ್ರೈವರು, ಕಣ್ಣು ಮುಚ್ಚಿ.

ಪಕ್ಕದ ತೂತಿನಿಂದ ಸಣ್ಣಗೆ ಧಾರೆ ಚಿಮ್ಮಿತು.
ಸಿದ್ದಗಂಗಮ್ಮ ಅದಕ್ಕೆ ಕೈಯೊಡ್ಡಿ
"ಬೆಚ್ಚಗಿದೆ ಕಣೇ," ಅಂದರು,
ಬಾಣಂತಿಯ ಹಂಡೆಗೆ ಕೈ ಅದ್ದಿ ನೋಡುವವರ ಗಾಂಭೀರ್ಯದಲ್ಲಿ.

ಇದನ್ನು ಎಲ್ಲಿ ಬಿಡುತ್ತೀಯ ಅಂತ ಯಾರೋ ಕೇಳಿದರು.
ಗೊತ್ತಿಲ್ಲ. ನನಗೆ ಈಜು ಬರುವುದಿಲ್ಲ.
ಮೆಜೆಸ್ಟಿಕ್ಕಿನಲ್ಲಿ ಕೆರೆಯಿತ್ತಂತೆ; ಈಗ ಬಸ್ಸು ನಿಲ್ಲುತ್ತವೆ.

ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್.
ತಪ್ಪಬಾರದು. ನೀರು ನಿಲ್ಲಿಸಿದೆ.
ಎಂಜಿನ್ನನ್ನು ಮಾತ್ರ
ಇನ್ನೊಂದು ಹತ್ತು ಎಣಿಸುವಷ್ಟು ಬಿಟ್ಟಿದ್ದೆ.
ಅಷ್ಟರಲ್ಲಿ ನಲ್ಲಿಯಡಿಗೆ ಬಿಂದಿಗೆ ಬಂದಾಗಿತ್ತು.