ಪೂರ್ತಿ ನಿಮಿಷ

ಶಿಡ್ಲಘಟ್ಟದ ಆಸ್ಪತ್ರೆ, ರಾತ್ರಿ ಪಾಳಿ.
ಆರನೇ ಮಂಚ, ಜೈತೂನ್ ಬೀ.
ಮೂವತ್ತು ವರ್ಷ ಕುದಿನೀರಲ್ಲಿ
ಗೂಡಿನ ಎಳೆ ಹುಡುಕಿದ ಕೈ;
ಬೆರಳ ಗೆರೆಗಳೆಲ್ಲ ನೀರಿಗೇ ಸಂದಿವೆ,
ರೇಷನ್ ಅಂಗಡಿಯ ಯಂತ್ರಕ್ಕೆ ಗುರುತೇ ಸಿಗದಂತೆ.

"ಎದೆಗುಳಿಗೆ ಕೊಡಮ್ಮಾ, ಮಲಗ್ತೀನಿ.
ಇವತ್ತು ಗೋಡೆಯೆಲ್ಲ ಹಳದಿ ಹಳದಿ,
ಮಾರ್ಕೆಟ್ಟಿಗೆ ಗೂಡು ಬಂದು ಬಿದ್ದ ಹಾಗೆ."
ಮಗಳು ನಕ್ಕಳು.
ನನಗೆ ನಗು ಬರಲಿಲ್ಲ.

ಗುಳಿಗೆಯನ್ನು ಟ್ರೇಯಲ್ಲೇ ಬಿಟ್ಟು
ಎದೆಗೆ ಸ್ಟೆತಸ್ಕೋಪಿಟ್ಟೆ.
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು
ತುಂಬಿದ ವಾರ್ಡಿನ ಲೆಕ್ಕ;
ಈ ಗುಳಿಗೆಗೆ ಅದು ನಡೆಯುವುದಿಲ್ಲ.
ಪೂರ್ತಿ ನಿಮಿಷ.
ನಡುವೆ ಒಂದು ಬಡಿತ ತಪ್ಪಿತು.
ಎಳೆ ಕಡಿದಾಗ ಆಕೆಯೂ ಹೀಗೇ
ತುದಿ ಸಿಗುವವರೆಗೆ ಉಸಿರು ಹಿಡಿಯುತ್ತಿದ್ದಳೇನೋ.

ನಲವತ್ತೆಂಟು.

"ಇವತ್ತು ಗುಳಿಗೆ ಇಲ್ಲ ಬೀ."
"ಯಾಕೆ, ಸ್ಟಾಕ್ ಇಲ್ವಾ?"

ಡಾಕ್ಟರಿಗೆ ಫೋನು, ಇಸಿಜಿ, ರಕ್ತದ ಸ್ಯಾಂಪಲ್ಲು.
ಚಾರ್ಟಿನ ಇಕ್ಕಟ್ಟು ಚೌಕದಲ್ಲಿ ಕೆಂಪು ಶಾಯಿ:
ಕೊಟ್ಟಿಲ್ಲ. ಬಡಿತ ೪೮. ಹಳದಿ ಕಾಣುತ್ತಿದೆ ಎನ್ನುತ್ತಾರೆ.

ಬೆಳಿಗ್ಗೆ ಪಾಳಿ ಒಪ್ಪಿಸುವಾಗ
ಹೊಸ ಸಿಸ್ಟರಿನ ಸೆರಗು ಹಿಡಿದು ದೂರು:
"ರಾತ್ರಿಯವಳು ನನ್ನ ಗುಳಿಗೆ ಕೊಡಲೇ ಇಲ್ಲ, ನೋಡು."
ಬಡಿತ ಐವತ್ತಾರು.
ಗೋಡೆ ಇನ್ನೂ ಸ್ವಲ್ಪ ಹಳದಿಯಂತೆ.